ತರ್ಕದ ಅಳತೆಗೆ ಸಿಗದ ವಿಶ್ವಾಸ
(ಶತಮಾನೋತ್ಸವದ ನಿಮಿತ್ತ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಕೆಲವು ವರ್ಷಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನು ನಮ್ಮಲ್ಲಿಗೆ ಬಂದು, "ಫಾದರ್, ದೇವರಿದ್ದಾನೆಂದು ಗಣಿತದಂತೆ ಸಾಧಿಸಿ ತೋರಿಸುವಿರಾ? ಇಲ್ಲವಾದರೆ ನಮ್ಮ ತಾಯಿ ಪ್ರತಿ ಸಂಜೆ ಹೇಳುವ ಜಪಸರಕ್ಕೆ ಏನರ್ಥ?" ಎಂದು ಕೇಳಿದನು. ಸೆಮಿನರಿಯಲ್ಲಿ ತರ್ಕಶಾಸ್ತ್ರವನ್ನು ಅಭ್ಯಸಿಸಿದ್ದ ನಾವು ಸಂತ ತೋಮಾಸ್ ಅಕ್ವಿನಾಸರ ಐದು ಮಾರ್ಗಗಳನ್ನು ಒಂದೊಂದಾಗಿ ವಿವರಿಸಿದೆವು. ಆತನು ಎಲ್ಲಿಯೂ ತಪ್ಪು ಹಿಡಿಯಲಿಲ್ಲ. ಮುಂದಿನ ಭಾನುವಾರ ಪೂಜೆಗೆ ಬರಲೂ ಇಲ್ಲ. ಆ ಸೋಲು ನಮ್ಮನ್ನು ಬಹುಕಾಲ ಕಾಡಿತು.

ತರ್ಕವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದೇವರನ್ನು ಬುದ್ಧಿಯ ಸಹಜ ಬೆಳಕಿನಿಂದ ನಿಶ್ಚಿತವಾಗಿ ಅರಿಯಬಹುದೆಂದು 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆಯೇ ಸಾರಿತು. ನಮ್ಮ ಶಿರಸಿಯ ಸಮೀಪದ ಸೋದೆಯಲ್ಲಿ ನೆಲೆಸಿದ್ದ ವಾದಿರಾಜರು ದ್ವೈತಮತವನ್ನು ಸಮರ್ಥಿಸಿ ಬರೆದ ಗ್ರಂಥಕ್ಕೆ 'ಯುಕ್ತಿಮಲ್ಲಿಕಾ' ಎಂದೇ ಹೆಸರು. ಆದರೆ ಅವರ ವೃಂದಾವನಕ್ಕೆ ಬರುವವರಲ್ಲಿ ಆ ಯುಕ್ತಿಗಳನ್ನು ಓದಿಯೇ ಬಂದವರೆಷ್ಟು ಮಂದಿ? ಅನ್ಯಮತದ ಮಾತೆನ್ನಬೇಡಿ, ಇದೇ ಪ್ರಶ್ನೆಯನ್ನು ನಮ್ಮ ದೇವಾಲಯದ ಬಾಗಿಲಲ್ಲಿ ನಿಂತೂ ಕೇಳಬಹುದು.

ಅದೇ 1870ರಲ್ಲಿ ಜಾನ್ ಹೆನ್ರಿ ನ್ಯೂಮನ್ನರು, 2019ರಲ್ಲಿ ಸಂತರೆಂದು ಘೋಷಿತರಾದವರು, ಮನುಷ್ಯನು ಹೇಗೆ ಸಮ್ಮತಿಸುತ್ತಾನೆಂಬುದನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಶಬ್ದಕ್ಕೆ ಕೊಡುವ ಒಪ್ಪಿಗೆ ಬೇರೆ, ನಿಜವಸ್ತುವಿಗೆ ಕೊಡುವ ಒಪ್ಪಿಗೆ ಬೇರೆಯೆಂದರು. ಹಲವು ಸಣ್ಣ ಕಾರಣಗಳು ಹಗ್ಗದ ಎಳೆಗಳಂತೆ ಕೂಡಿ ನಿಶ್ಚಯವನ್ನು ಹೊರುತ್ತವೆಂದೂ ಅವರ ಅಭಿಪ್ರಾಯ. ಸಿದ್ದಾಪುರದ ಅಡಿಕೆ ತೋಟಿಗರನ್ನೇ ನೋಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವ ದಿನ ಹೊಡೆಸಬೇಕೆಂಬುದನ್ನು ಗಾಳಿ, ಮೋಡ, ತೋಟದ ತೇವ, ಹಿಂದಿನ ವರ್ಷಗಳ ನೆನಪು ಎಲ್ಲವನ್ನೂ ಕೂಡಿಸಿ ನಿಶ್ಚಯಿಸುತ್ತಾರೆ. ಕಾರಣ ಕೇಳಿದರೆ ತಡವರಿಸುತ್ತಾರೆ. ಹಾಗೆಂದು ಆ ನಿಶ್ಚಯ ಕುರುಡಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ನಮ್ಮ ಕ್ರೈಸ್ತ ಸಿದ್ದಿ ಬಂಧುಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರೆಂದು ಚರಿತ್ರೆಕಾರರು ಹೇಳುತ್ತಾರೆ. ಅವರನ್ನು ಕೊಂಡು ಮಾರಿದವರು ಶಿಲುಬೆ ಧರಿಸಿದವರೇ. ಇದನ್ನು ಮುಚ್ಚಿಡುವ ಹಕ್ಕು ನಮಗಿಲ್ಲ. ಒಡೆಯನು ಕ್ರೂರಿ, ಇದು ಒಡೆಯನ ಧರ್ಮ, ಆದುದರಿಂದ ಇದು ತ್ಯಾಜ್ಯ. ಹೀಗೆ ವಾದಿಸಿದ್ದರೆ ಅವರನ್ನು ದೂರುವವರಾರು? ಆದರೂ ಒಡೆಯನನ್ನು ತೊರೆದವರು ಶಿಲುಬೆಯನ್ನು ತೊರೆಯಲಿಲ್ಲ. ಅದರ ಮೇಲಿರುವವನು ಚಾಟಿ ಹಿಡಿದವನಲ್ಲ, ಚಾಟಿಯೇಟು ತಿಂದವನೆಂಬುದನ್ನು ಅವರು ಕಂಡಿರಬೇಕು. ಒಡೆಯರು ಕಾಣಲಿಲ್ಲ. ಇದನ್ನು ಯಾವ ಪ್ರತಿಜ್ಞಾವಾಕ್ಯದಲ್ಲಿ ಬರೆಯೋಣ?

ಆ ತರುಣನಿಗೆ ಐದು ಮಾರ್ಗಗಳನ್ನು ಹೇಳುವ ಮೊದಲು, ಒಂದು ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು, ಆಕೆ ಯಾರ ಯಾರ ಹೆಸರಿಗಾಗಿ ಮಣಿಗಳನ್ನು ಎಣಿಸುತ್ತಾಳೆಂದು ಕೇಳಿ ಬಾ ಎಂದು ನಾವು ಕಳುಹಿಸಬೇಕಾಗಿತ್ತು. ಈಗ ಆತನು ದೂರದ ಊರಿನಲ್ಲಿದ್ದಾನೆ. ಈ ಶತಮಾನೋತ್ಸವಕ್ಕೆ ಬರುವಂತೆ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.