ಕಡತವನ್ನು ಎಲ್ಲಿಡಬೇಕು?



ಗಣಕಯಂತ್ರ ಶಿಕ್ಷಣ ಪಡೆಯುವ ನಿಮ್ಮಲ್ಲಿ ಹಲವರು ಮುಕ್ತ ತಂತ್ರಾಂಶದ ಯೋಜನೆಗಳಲ್ಲಿ ಕೈಜೋಡಿಸಲು ಬಯಸುತ್ತೀರಿ. ಪ್ರೋಗ್ರಾಂ ಬರೆಯುವುದನ್ನು ಕಾಲೇಜು ಕಲಿಸುತ್ತದೆ. ಬರೆದ ಕಡತವನ್ನು ಯಾವ ಡೈರೆಕ್ಟರಿಯಲ್ಲಿ ಇಡಬೇಕೆಂಬುದನ್ನು ಕಲಿಸುವವರು ಕಡಿಮೆ. ಇದೇನು ಮಹಾ ವಿಷಯ ಎನ್ನಬಹುದು. ಲಿನಕ್ಸ್‌ನಲ್ಲಿ ನಡೆದದ್ದನ್ನು ಕೇಳಿ.

ಲಿನಕ್ಸ್ ಕರ್ನಲ್‌ನಲ್ಲಿ ‘ಆರ್ಚ್’ ಎಂಬ ಡೈರೆಕ್ಟರಿಯಿದೆ. ಪ್ರೊಸೆಸರ್‌ಗೆ ತಕ್ಕಂತೆ ಬದಲಾಗುವ ಭಾಗಗಳು ಅದರೊಳಗಿವೆ. ಅಲ್ಲಿ 32 ಬಿಟ್‌ನ ಪಿಸಿಗಳಿಗೆ ‘ಐ386’, 64 ಬಿಟ್‌ನವಕ್ಕೆ ‘ಎಕ್ಸ್86_64’ ಎಂದು ಎರಡು ಪ್ರತ್ಯೇಕ ಡೈರೆಕ್ಟರಿಗಳಿದ್ದವು. ಎರಡನೆಯದು ಬಹುಮಟ್ಟಿಗೆ ಮೊದಲನೆಯದರ ನಕಲಿನಿಂದ ಬೆಳೆದದ್ದು. ಪರಿಣಾಮವೇನು? ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿಯತೊಡಗಿತು. 2007ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೊಲ್ನಾರ್ ಎರಡನ್ನೂ ಒಂದುಗೂಡಿಸಲು ಮುಂದಾದರು. 64 ಬಿಟ್ ಭಾಗವನ್ನು ನೋಡಿಕೊಳ್ಳುತ್ತಿದ್ದ ಆಂಡಿ ಕ್ಲೀನ್ ವಿರೋಧಿಸಿದರು. ಹಳೆಯ ಯಂತ್ರಗಳ ತೊಡಕುಗಳೆಲ್ಲ ಶುಚಿಯಾದ ಹೊಸ ಭಾಗಕ್ಕೂ ಅಂಟಿಕೊಳ್ಳುತ್ತವೆ ಎಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ ಅದು. ಆದರೂ ಒಂದೇ ದೋಷವನ್ನು ಎರಡು ಸಲ ತಿದ್ದುವ ಕಷ್ಟವೇ ದೊಡ್ಡದೆಂದು ನನಗನಿಸುತ್ತದೆ. 2008ರ ಜನವರಿಯಲ್ಲಿ ಬಿಡುಗಡೆಯಾದ 2.6.24 ಆವೃತ್ತಿಯಲ್ಲಿ ‘ಎಕ್ಸ್86’ ಎಂಬ ಒಂದೇ ಡೈರೆಕ್ಟರಿ ಬಂತು.

ಅವರು ಅನುಸರಿಸಿದ ಕ್ರಮವನ್ನು ಗಮನಿಸಿ. ಮೊದಲು ಕಡತಗಳನ್ನು ಸಾಗಿಸಿದರು, ಅಷ್ಟೆ. ‘ಸೆಟಪ್_32’, ‘ಸೆಟಪ್_64’ ಎಂದು ಹೆಸರಿಗೆ ಬಾಲ ಹಚ್ಚಿ ಅಕ್ಕಪಕ್ಕದಲ್ಲಿಟ್ಟರು. ಒಳಗಿನ ಸಾಲುಗಳನ್ನು ಒಂದಾಗಿಸುವ ಕೆಲಸ ಮುಂದಿನ ಆವೃತ್ತಿಗಳಲ್ಲಿ ನಿಧಾನವಾಗಿ ನಡೆಯಿತು. ಇದರಿಂದ ಒಂದು ದೊಡ್ಡ ಲಾಭವಿದೆ. ಬದಲಾವಣೆಗಳ ದಾಖಲೆಯಿಡುವ ಗಿಟ್, ಕಡತ ಸ್ಥಳಾಂತರವಾಯಿತೆಂದು ಎಲ್ಲಿಯೂ ಬರೆದಿಡುವುದಿಲ್ಲ. ಅಳಿದುಹೋದ ಕಡತಕ್ಕೂ ಹೊಸತಾಗಿ ಬಂದ ಕಡತಕ್ಕೂ ಇರುವ ಹೋಲಿಕೆಯಿಂದ ಊಹಿಸುತ್ತದೆ. ಸಾಗಿಸುವುದನ್ನೂ ತಿದ್ದುವುದನ್ನೂ ಒಂದೇ ಕಮಿಟ್‌ನಲ್ಲಿ ಮಾಡಿದರೆ ಹೋಲಿಕೆ ಕುಗ್ಗಿ, ಆ ಕಡತದ ಚರಿತ್ರೆಯ ಕೊಂಡಿ ಕಳಚಬಹುದು. ಈ ಸಾಲನ್ನು ಯಾರು, ಏಕೆ ಬರೆದರೆಂದು ಮುಂದೆ ಹುಡುಕುವವನು ಪರದಾಡುತ್ತಾನೆ.

ಹಳೆಯ ಸಿವಿಎಸ್‌ನಲ್ಲಿ ಇನ್ನೂ ಕಷ್ಟವಿತ್ತು. ಕಡತದ ಹೆಸರು ಬದಲಿಸಲು ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಬೇಕಿತ್ತು. 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್ ಡೈರೆಕ್ಟರಿಗಳ ಚರಿತ್ರೆಯನ್ನೂ ಕಾಪಾಡತೊಡಗಿತು. ಅದರ ಟ್ರಂಕ್, ಬ್ರಾಂಚಸ್, ಟ್ಯಾಗ್ಸ್ ಎಂಬ ಮೂರು ಡೈರೆಕ್ಟರಿಗಳು ಬರೀ ರೂಢಿ, ಕಡ್ಡಾಯವಲ್ಲ.

ಕರ್ನಲ್‌ನಲ್ಲಿ ‘ಮೇಂಟೇನರ್ಸ್’ ಎಂಬ ಕಡತವೂ ಇದೆ. ಯಾವ ಡೈರೆಕ್ಟರಿಗೆ ಯಾರು ಹೊಣೆಗಾರರೆಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ತಿದ್ದುಪಡಿಯನ್ನು ಯಾರಿಗೆ ಕಳುಹಿಸಬೇಕೆಂದು ಕಡತವಿರುವ ಜಾಗವೇ ಹೇಳುತ್ತದೆ. ಹಾಗಾಗಿ ಯೋಜನೆಯೊಂದಕ್ಕೆ ಸೇರುವ ಮೊದಲು ಒಂದು ಸಂಜೆ ಅದರ ಡೈರೆಕ್ಟರಿಗಳನ್ನೇ ಓದಿ.

ನಿಮ್ಮದೇ ಪ್ರಾಜೆಕ್ಟ್ ಆರಂಭಿಸುವಾಗ ‘ನ್ಯೂ’, ‘ಫೈನಲ್’, ‘ಫೈನಲ್2’ ಎಂಬ ಡೈರೆಕ್ಟರಿಗಳು ಬೇಡ. ಹಳೆಯ ಪ್ರತಿಗಳನ್ನು ಕಾಯುವುದಕ್ಕೆಂದೇ ಗಿಟ್ ಇರುವುದು. ಮುಂದೆ ಬೇಕಾದೀತೆಂದು ಖಾಲಿ ಡೈರೆಕ್ಟರಿಗಳನ್ನೂ ಮಾಡಿಡಬೇಡಿ. ಒಳಗೆ ಒಂದು ಕಡತವಾದರೂ ಇಲ್ಲದಿದ್ದರೆ ಗಿಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.