ಮಣ್ಣಿನ ಜೀವಿ ಕಟ್ಟುವ ಮದ್ದು

(ನಮ್ಮ ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ಹೋಳಿಗೆ ಊಟವಾದ ಮೇಲೆ ವಿಜ್ಞಾನದ ಉಪನ್ಯಾಸವನ್ನು ಇರಿಸಿಕೊಂಡಿರುವ ನಿಮ್ಮ ಕಾರ್ಯದರ್ಶಿಗಳ ಧೈರ್ಯವನ್ನು ಮೊದಲು ಮೆಚ್ಚಬೇಕು. ನಿಮ್ಮ ನಿದ್ರೆಗೆ ಸಾಧ್ಯವಾದಷ್ಟು ಭಂಗ ತರಲು ಯತ್ನಿಸುತ್ತೇನೆ.

ಕಳೆದ ವರ್ಷ ಬೆಂಗಳೂರಿನಲ್ಲಿ ನನ್ನ ಭಾವನವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿದರು. ಅವರು ನಿವೃತ್ತ ಶಾಲಾ ಮೇಷ್ಟರು. ಕೈಗೆ ಬಂದ ಯಾವ ಕಾಗದವನ್ನೂ ಓದದೆ ಬಿಡುವವರಲ್ಲ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ‘ಎವರೊಲಿಮಸ್ ಲೇಪಿತ’ ಎಂದಿರುವುದನ್ನು ಕಂಡು ನನಗೆ ಫೋನ್ ಮಾಡಿ, “ಏನಯ್ಯ ಇದು, ಯಾರು ಮಾಡಿದ ಮದ್ದು?” ಎಂದು ಕೇಳಿದರು. “ಭಾವ, ಅದರ ಮೂಲ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯ” ಎಂದೆ. ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಎದೆಯೊಳಗೆ ಮಣ್ಣು ಇಟ್ಟಿದ್ದಾರೆ ಅನ್ನು!” ಎಂದರು. ಅಂದು ಅವರಿಗೆ ಸರಿಯಾಗಿ ಹೇಳಲಾಗದೆ ಹೋದ ಉತ್ತರವೇ ಇಂದಿನ ನನ್ನ ಮಾತು.

ಆ ಬ್ಯಾಕ್ಟೀರಿಯದ ಕುಲ ನಿಮಗೆ ಅಪರಿಚಿತವೇನಲ್ಲ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಊರಿನ ಅಂಗಳದಿಂದ ಏಳುತ್ತಿದ್ದ ಮಣ್ಣಿನ ಕಂಪನ್ನು ನೆನೆಯಿರಿ. ಆ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಅದನ್ನು ತಯಾರಿಸುವವರಲ್ಲಿ ಪ್ರಮುಖರು ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಸೂಕ್ಷ್ಮಾಣುಗಳು. ಕ್ಷಯರೋಗದ ವಿರುದ್ಧ ಮೊತ್ತಮೊದಲು ಗೆಲುವು ತಂದ ಸ್ಟ್ರೆಪ್ಟೊಮೈಸಿನ್ ಕೂಡ ಇದೇ ಕುಲದ ಕೊಡುಗೆ. 1943ರಲ್ಲಿ ಅದು ದೊರೆತಂದಿನಿಂದ ವಿಜ್ಞಾನಿಗಳು ಜಗತ್ತಿನ ಮೂಲೆಮೂಲೆಯ ಮಣ್ಣನ್ನು ಜರಡಿ ಹಿಡಿಯತೊಡಗಿದರು.

ಹಾಗೆ ಹೊರಟ ಮಣ್ಣಿನ ಒಂದು ಚಿಟಿಕೆ ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ್ದು. ಅಲ್ಲಿಯ ಜನರ ನುಡಿಯಲ್ಲಿ ಅದರ ಹೆಸರು ರಾಪಾ ನುಯಿ. ದೊಡ್ಡ ಕಲ್ಲಿನ ಮುಖಗಳ ಚಿತ್ರವನ್ನು ನೀವು ನೋಡಿರುತ್ತೀರಿ. 1964ರ ಕೊನೆಯಲ್ಲಿ ಕೆನಡಾದ ವೈದ್ಯಕೀಯ ತಂಡವೊಂದು ನೌಕಾದಳದ ಹಡಗಿನಲ್ಲಿ ಅಲ್ಲಿಗೆ ಹೋಯಿತು. ತಂಡದ ಸೂಕ್ಷ್ಮಾಣು ವಿಜ್ಞಾನಿ ಜಾರ್ಜ್ ನೊಗ್ರಾಡಿಯವರಿಗೆ ಒಂದು ಕುತೂಹಲವಿತ್ತು: ದ್ವೀಪದ ತುಂಬ ಕುದುರೆಗಳಿವೆ, ಜನ ಬರಿಗಾಲಲ್ಲಿ ಓಡಾಡುತ್ತಾರೆ, ಆದರೂ ಧನುರ್ವಾಯು ಕಾಣುವುದಿಲ್ಲವೇಕೆ? ಆದ್ದರಿಂದ ಅವರು ದ್ವೀಪದ ಬೇರೆಬೇರೆ ಭಾಗಗಳಿಂದ ಮಣ್ಣು ಸಂಗ್ರಹಿಸಿದರು. ಅದರಲ್ಲಿ ಸ್ವಲ್ಪ ಮಾಂಟ್ರಿಯಲ್‌ನ ಆಯರ್ಸ್ಟ್ ಔಷಧ ಸಂಸ್ಥೆಯ ಪ್ರಯೋಗಾಲಯಕ್ಕೆ ಬಂತು. ಅಲ್ಲಿ ಆ ಮಣ್ಣಿನಿಂದ ಬೇರ್ಪಡಿಸಿದ ಒಂದು ಸ್ಟ್ರೆಪ್ಟೊಮೈಸಿಸ್, ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ವಸ್ತುವೊಂದನ್ನು ಸ್ರವಿಸುತ್ತಿತ್ತು. ದ್ವೀಪದ ಹೆಸರನ್ನೇ ಇಟ್ಟು ಅದನ್ನು ರಾಪಾಮೈಸಿನ್ ಎಂದು ಕರೆದರು. 1975ರಲ್ಲಿ ವಿವರಗಳನ್ನು ಪ್ರಕಟಿಸಿದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೆದುಳಿಲ್ಲದ, ಕೈಯಿಲ್ಲದ ಈ ಜೀವಿ 51 ಇಂಗಾಲದ ಪರಮಾಣುಗಳುಳ್ಳ ಇಷ್ಟು ಜಟಿಲವಾದ ಅಣುವನ್ನು ಕಟ್ಟುವುದಾದರೂ ಹೇಗೆ?

ಹಬ್ಬದ ಹಿಂದಿನ ಸಂಜೆ ಜಗಲಿಯ ಮೇಲೆ ಹದಿನಾಲ್ಕು ಮಂದಿ ಸಾಲಾಗಿ ಕುಳಿತು ಒಂದೇ ಹೂಮಾಲೆ ಕಟ್ಟುತ್ತಿದ್ದಾರೆಂದು ಭಾವಿಸಿ. ಅವರಲ್ಲಿ ಒಬ್ಬೊಬ್ಬರೂ ಒಂದೊಂದೇ ಹೂ ಕಟ್ಟಿ ಮಾಲೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ರಾಪಾಮೈಸಿನ್ ಕಟ್ಟುವ ಕಿಣ್ವದಲ್ಲಿ ಹೀಗೆಯೇ ಹದಿನಾಲ್ಕು ಘಟಕಗಳಿವೆ. ಪ್ರತಿ ಘಟಕಕ್ಕೂ ಕಡೆಯ ಪಕ್ಷ ಮೂರು ‘ಕೈ’ಗಳು. ಒಂದು ಕೈ ಬುಟ್ಟಿಯಿಂದ ತಕ್ಕ ಹೂವನ್ನು ಆರಿಸುತ್ತದೆ, ಇನ್ನೊಂದು ಅದನ್ನು ಬೀಳದಂತೆ ಹಿಡಿದಿರುತ್ತದೆ, ಮೂರನೆಯದು ಗಂಟು ಹಾಕುತ್ತದೆ. ಬುಟ್ಟಿಯಲ್ಲಿರುವುದು ಎರಡೇ ಬಗೆಯ ಹೂ. ಮಲ್ಲಿಗೆ ಎನ್ನಬಹುದಾದದ್ದು ಎರಡು ಇಂಗಾಲದ ಅಸಿಟೇಟ್ ತುಣುಕು. ಕನಕಾಂಬರ ಎನ್ನಬಹುದಾದದ್ದು ಮೂರು ಇಂಗಾಲದ ಪ್ರೊಪಿಯೊನೇಟ್ ತುಣುಕು. ಎರಡೂ ಜೀವಕೋಶದ ದಿನನಿತ್ಯದ ಅಡುಗೆಮನೆಯಲ್ಲಿ ಸಿಕ್ಕುವ ಸಾಮಗ್ರಿಗಳೇ. ರಾಪಾಮೈಸಿನ್‌ನಲ್ಲಿ ಇವು ಏಳೇಳು. ಯಾವ ಸ್ಥಾನದಲ್ಲಿ ಯಾವ ಹೂ ಎಂಬುದು ಅಲ್ಲಿ ಕುಳಿತ ಘಟಕದ ಸ್ವಭಾವದಲ್ಲೇ ನಿಶ್ಚಯವಾಗಿದೆ.

ಕೆಲವು ಘಟಕಗಳಿಗೆ ಇನ್ನೂ ಹೆಚ್ಚಿನ ಕೈಗಳಿವೆ. ಅವು ಆಗತಾನೆ ಕಟ್ಟಿದ ಹೂವಿನ ಎಸಳನ್ನು ತಿದ್ದುತ್ತವೆ: ಒಂದು ಕಡೆ ಆಮ್ಲಜನಕವನ್ನು ಉಳಿಸುತ್ತವೆ, ಇನ್ನೊಂದು ಕಡೆ ನೀರಿನ ರೂಪದಲ್ಲಿ ತೆಗೆದುಹಾಕುತ್ತವೆ. ತಮಾಷೆಯೆಂದರೆ, ಮೂರನೆಯ ಮತ್ತು ಆರನೆಯ ಘಟಕಗಳಲ್ಲಿ ತಿದ್ದುವ ಕೈಗಳು ಇದ್ದೂ ಅಂತಿಮ ಅಣುವಿನಲ್ಲಿ ಅವುಗಳ ಕೆಲಸದ ಗುರುತಿಲ್ಲ. ಮದುವೆ ಮನೆಯಲ್ಲಿ ಪಂಚೆ ಎತ್ತಿಕಟ್ಟಿಕೊಂಡು ನಿಂತು ಯಾವ ಕೆಲಸವನ್ನೂ ಮಾಡದ ಬಂಧುಗಳು ಎಲ್ಲೆಡೆಯೂ ಇರುತ್ತಾರೆಂದು ಕಾಣುತ್ತದೆ.

ಮಾಲೆಯ ಆರಂಭಕ್ಕೆ ಒಂದು ವಿಶೇಷ ತುಣುಕು ಬೇಕು; ಆರು ಇಂಗಾಲದ ಉಂಗುರವುಳ್ಳ ಅದನ್ನು ಮರುಗದ ಕುಡಿ ಎನ್ನೋಣ. ಹದಿನಾಲ್ಕು ಹೂಗಳೂ ಮುಗಿದ ಮೇಲೆ ಮತ್ತೊಂದು ಕಿಣ್ವ ಬಂದು, ಲೈಸಿನ್ ಎಂಬ ಅಮೈನೊ ಆಮ್ಲದಿಂದ ಹುಟ್ಟಿದ ತುಣುಕೊಂದನ್ನು ದವನದಂತೆ ತುದಿಗೆ ಸೇರಿಸಿ, ಮಾಲೆಯನ್ನು ಬಳೆಯಂತೆ ಸುತ್ತಿ ಗಂಟು ಹಾಕುತ್ತದೆ. ಕೊನೆಗೆ ಬೇರೆ ಕಿಣ್ವಗಳು ಅಲ್ಲಲ್ಲಿ ಆಮ್ಲಜನಕವನ್ನೂ ಮೂರು ಕಡೆ ಮೀಥೈಲ್ ಗುಂಪನ್ನೂ ಜೋಡಿಸಿದರೆ ರಾಪಾಮೈಸಿನ್ ಸಿದ್ಧ.

ಈ ಹದಿನಾಲ್ಕು ಮಂದಿ ಕುಳಿತಿರುವುದು ಮೂರೇ ಮೂರು ಜಗಲಿಗಳ ಮೇಲೆ, ಅಂದರೆ ಮೂರು ದೈತ್ಯ ಪ್ರೋಟೀನುಗಳ ಮೇಲೆ: ನಾಲ್ಕು, ಆರು, ನಾಲ್ಕರಂತೆ. ನಮ್ಮ ರಕ್ತದ ಹಿಮೊಗ್ಲೋಬಿನ್‌ನ ಒಂದು ಎಳೆಯಲ್ಲಿ ಸುಮಾರು 140 ಅಮೈನೊ ಆಮ್ಲಗಳಿದ್ದರೆ, ಇವುಗಳಲ್ಲಿ ದೊಡ್ಡದರಲ್ಲಿ 10,000ಕ್ಕೂ ಹೆಚ್ಚು. ಇಷ್ಟೆಲ್ಲದರ ವಂಶವಾಹಿಗಳು ಬ್ಯಾಕ್ಟೀರಿಯದ ವರ್ಣತಂತುವಿನಲ್ಲಿ ಒಂದೇ ಕಡೆ ಗುಂಪಾಗಿ, ಲಕ್ಷಕ್ಕೂ ಮಿಕ್ಕಿದ ಡಿಎನ್‌ಎ ಅಕ್ಷರಗಳಷ್ಟು ಉದ್ದಕ್ಕೆ ಇವೆ. ಕೇಂಬ್ರಿಜ್‌ನ ವಿಜ್ಞಾನಿಗಳ ತಂಡ 1995ರಲ್ಲಿ ಇವನ್ನು ಓದಿ ಪ್ರಕಟಿಸಿತು. 1993ರಲ್ಲೇ ರಸಾಯನಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ರಾಪಾಮೈಸಿನ್ ಅನ್ನು ಸಂಶ್ಲೇಷಿಸಿ ತೋರಿಸಿದ್ದರು, ನಿಜ. ಅದು ಬಹು ದೊಡ್ಡ ಸಾಧನೆಯೇ. ಆದರೆ ಕಾರ್ಖಾನೆಯಲ್ಲಿ ಇಂದಿಗೂ ಮಾಲೆ ಕಟ್ಟಿಸುವುದು ಬ್ಯಾಕ್ಟೀರಿಯದ ಕೈಯಲ್ಲೇ, ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಹುದುಗೆಬ್ಬಿಸಿ. ಭಾವನವರ ಎವರೊಲಿಮಸ್ ಎಂದರೆ ಹೀಗೆ ದೊರೆತ ರಾಪಾಮೈಸಿನ್‌ಗೆ ಮನುಷ್ಯರು ಜೋಡಿಸಿದ ಒಂದು ಪುಟ್ಟ ಬಾಲ, ಅಷ್ಟೆ.

ಈ ಅಣು ನಮ್ಮನ್ನು ತಲಪಿದ ಕಥೆಯಲ್ಲಿ ನಮ್ಮಂತೆಯೇ ದೇಶ ಬಿಟ್ಟು ಬಂದವರೊಬ್ಬರಿದ್ದಾರೆ. ಸುರೇನ್ ಸೆಹಗಲ್ ಅವಿಭಜಿತ ಭಾರತದಲ್ಲಿ 1932ರಲ್ಲಿ ಹುಟ್ಟಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಬ್ರಿಸ್ಟಲ್‌ನಲ್ಲಿ ಡಾಕ್ಟರೇಟ್ ಪಡೆದು ಕೆನಡಾಕ್ಕೆ ಬಂದವರು. ರಾಪಾಮೈಸಿನ್ ಅನ್ನು ಶುದ್ಧೀಕರಿಸಿದವರಲ್ಲಿ ಪ್ರಮುಖರು. 1980ರ ದಶಕದ ಆರಂಭದಲ್ಲಿ ಮಾಂಟ್ರಿಯಲ್ ಪ್ರಯೋಗಾಲಯ ಮುಚ್ಚಿ, ಅವರನ್ನು ಅಮೆರಿಕದ ಪ್ರಿನ್ಸ್‌ಟನ್‌ಗೆ ಕಳುಹಿಸಲಾಯಿತು. ಸಂಸ್ಥೆಗೆ ಈ ಔಷಧದಲ್ಲಿ ಆಸಕ್ತಿ ಉಳಿದಿರಲಿಲ್ಲ. ಸೆಹಗಲ್ ಕೊನೆಯದಾಗಿ ಒಂದಷ್ಟು ತಯಾರಿಸಿ, ಸೀಸೆಗಳನ್ನು ಮನೆಯ ಫ್ರೀಜರ್‌ನಲ್ಲಿ ಐಸ್‌ಕ್ರೀಮಿನ ಪಕ್ಕದಲ್ಲಿ, ‘ತಿನ್ನಬೇಡಿ’ ಎಂಬ ಚೀಟಿ ಅಂಟಿಸಿ ಕಾಪಾಡಿದರೆಂದು ಅವರ ಮನೆಯವರು ಹೇಳಿಕೊಂಡಿದ್ದಾರೆ. ಸಾಮಾನು ಸಾಗಿಸುವಾಗ ಆ ಸೀಸೆಗಳೂ ಒಣ ಮಂಜುಗಡ್ಡೆಯಲ್ಲಿ ಗಡಿ ದಾಟಿದವು. ಕೆಲವು ವರ್ಷಗಳ ಬಳಿಕ ಸಂಸ್ಥೆಯ ಆಡಳಿತ ಬದಲಾದಾಗ ಅವರು ಹೊಸಬರನ್ನು ಒಪ್ಪಿಸಿ ಕೆಲಸ ಮುಂದುವರಿಸಿದರು. ಮೂತ್ರಪಿಂಡ ಕಸಿಯಾದವರಿಗಾಗಿ 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. 2003ರಲ್ಲಿ ಸೆಹಗಲ್ ಕ್ಯಾನ್ಸರಿನಿಂದ ತೀರಿಕೊಂಡರು.

ಶಿಲೀಂಧ್ರಕ್ಕೆಂದು ಕಟ್ಟಿದ ಅಸ್ತ್ರ ಮನುಷ್ಯನ ದೇಹದಲ್ಲೇಕೆ ನಾಟುತ್ತದೆ? ಇದಕ್ಕೆ ಉತ್ತರದ ಎಳೆ ಸಿಕ್ಕಿದ್ದು 1991ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಯೀಸ್ಟ್‌ನ ಮೇಲೆ ನಡೆದ ಪ್ರಯೋಗಗಳಲ್ಲಿ. ಆಹಾರ ಸಮೃದ್ಧವಾಗಿದೆ, ಬೆಳೆಯಬಹುದು ಎಂದು ಜೀವಕೋಶಕ್ಕೆ ಅಪ್ಪಣೆ ಕೊಡುವ ಪ್ರೋಟೀನೊಂದನ್ನು ರಾಪಾಮೈಸಿನ್ ತಡೆಯುತ್ತದೆ. ಆ ಪ್ರೋಟೀನಿಗೆ ಟಾರ್ ಎಂದು ಹೆಸರಾಯಿತು. ಅದು ಯೀಸ್ಟ್‌ನಲ್ಲೂ ಇದೆ, ನಮ್ಮಲ್ಲೂ ಇದೆ. ಕಸಿ ಮಾಡಿದ ಅಂಗದ ಮೇಲೆ ಎರಗುವ ಬಿಳಿ ರಕ್ತಕಣಗಳು ಈ ಅಪ್ಪಣೆಯಿಲ್ಲದೆ ಹೆಚ್ಚಲಾರವು. ಸ್ಟೆಂಟ್‌ನ ಸುತ್ತ ಜೀವಕೋಶಗಳು ಬೆಳೆದು ರಕ್ತನಾಳ ಮತ್ತೆ ಕಟ್ಟಿಕೊಳ್ಳುವುದನ್ನೂ ಇದೇ ತಡೆಯುತ್ತದೆ.

ಇಲ್ಲಿರುವ ಹಿರಿಯರಿಗೆ ಒಂದು ಮಾತು. 2009ರಲ್ಲಿ ಅಮೆರಿಕದ ಮೂರು ಕೇಂದ್ರಗಳಲ್ಲಿ ಮುಪ್ಪಡರಿದ ಇಲಿಗಳಿಗೆ ರಾಪಾಮೈಸಿನ್ ತಿನ್ನಿಸಿದಾಗ ಅವುಗಳ ಆಯುಷ್ಯ ಹೆಚ್ಚಿತೆಂದು ವರದಿಯಾಯಿತು. ಅಂದಿನಿಂದ ಕೆಲವರು ಇದನ್ನು ಅಮೃತವೆಂದು ಬಗೆದು ನುಂಗುತ್ತಿದ್ದಾರೆ. ಬಾಯಿಹುಣ್ಣು, ರಕ್ತದಲ್ಲಿ ಕೊಬ್ಬಿನ ಏರಿಕೆ, ಗಾಯ ಮಾಯಲು ವಿಳಂಬ, ಸೋಂಕಿಗೆ ಸುಲಭ ತುತ್ತಾಗುವುದು ಇದರ ತಿಳಿದ ತೊಂದರೆಗಳು. ಗ್ರೇಪ್‌ಫ್ರೂಟ್ ರಸ ಕುಡಿದರೂ ಸಾಕು, ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಇಲಿಯ ಆಯುಷ್ಯವನ್ನು ನಂಬಿ ವೈದ್ಯರನ್ನು ಕೇಳದೆ ನುಂಗುವುದು ಜಾಣತನವಲ್ಲವೆಂದೇ ನನ್ನ ಅಭಿಪ್ರಾಯ.

ರಾಪಾ ನುಯಿಯ ಜನರಿಗೆ ಏನು ಸಿಕ್ಕಿತೆಂದು ಕೇಳುತ್ತೀರಾ? ಅವರ ದ್ವೀಪದ ಹೆಸರು ಔಷಧಕ್ಕೆ ಬಂತು, ಹಣದಲ್ಲಿ ಪಾಲು ಬರಲಿಲ್ಲ. ಮಣ್ಣನ್ನು ಆಯ್ದ ನೊಗ್ರಾಡಿಯವರ ಹೆಸರು ಕೂಡ 1975ರ ಲೇಖನದ ಲೇಖಕರ ಸಾಲಿನಲ್ಲಿಲ್ಲ. ಈ ಬಗೆಯ ಅನ್ಯಾಯವನ್ನು ತಡೆಯಲೆಂದೇ ಹಲವು ದೇಶಗಳು ಕಾನೂನು ಮಾಡಿವೆ. ಭಾರತದ ಜೀವವೈವಿಧ್ಯ ಕಾಯಿದೆ 2002ರದು.

ಇದನ್ನು ಹೇಳಲು ಕಾರಣವಿದೆ. ಊಟಕ್ಕೆ ಮುಂಚೆ ಕಾಲೇಜು ವಿದ್ಯಾರ್ಥಿಯೊಬ್ಬ ನನ್ನ ಬಳಿ ಬಂದು, ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಯ ಬಳಿಯ ತನ್ನ ಅಜ್ಜಿಯ ಅಡಿಕೆ ತೋಟದಿಂದ ಮಣ್ಣು ತಂದು ಸ್ಟ್ರೆಪ್ಟೊಮೈಸಿಸ್ ಹುಡುಕಬಹುದೇ ಎಂದು ಕೇಳಿದ. ಬಹಳ ಸಂತೋಷವಾಯಿತು. ಹುಡುಕುವುದಕ್ಕೆ ಬೇಕಾದಷ್ಟಿದೆ: 2002ರಲ್ಲಿ ಈ ಕುಲದ ಒಂದು ಪ್ರಭೇದದ ಸಂಪೂರ್ಣ ವಂಶವಾಹಿ ಲಿಪಿಯನ್ನು ಓದಿದಾಗ, ಬಗೆಬಗೆಯ ವಿಶೇಷ ವಸ್ತುಗಳನ್ನು ಕಟ್ಟುವ ವಂಶವಾಹಿ ಗುಂಪುಗಳು ಇಪ್ಪತ್ತಕ್ಕೂ ಹೆಚ್ಚು ಕಂಡವು, ಅಲ್ಲಿಯತನಕ ಆ ಜೀವಿಯಿಂದ ದೊರೆತಿದ್ದ ವಸ್ತುಗಳು ಬೆರಳೆಣಿಕೆಯಷ್ಟು. ಉಳಿದವು ಪ್ರಯೋಗಾಲಯದ ಸುಖದಲ್ಲಿ ಬಾಯಿ ಬಿಡದೆ ಕುಳಿತಿದ್ದವು.

ಆದರೆ ಆ ಹುಡುಗ ಅಮೆರಿಕದ ಪ್ರಜೆ. ಅಜ್ಜಿಯ ತೋಟವೇ ಆದರೂ, ಸಂಶೋಧನೆಗಾಗಿ ಅಲ್ಲಿಯ ಜೀವಿಗಳನ್ನು ಒಯ್ಯಲು ಅವನು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಗಳಿಗೂ ಇದೇ ನಿಯಮ. ಇತ್ತ ಮಣ್ಣನ್ನು ಒಳಗೆ ತರಲು ಅಮೆರಿಕದ ಕೃಷಿ ಇಲಾಖೆಯ ಪರವಾನಗಿ ಬೇರೆ. ಉಪ್ಪಿನಕಾಯಿಯ ನಡುವೆ ಮಣ್ಣಿನ ಪೊಟ್ಟಣ ಅಡಗಿಸಿ ತರುವ ಉಪಾಯವನ್ನು ಅವನ ತಾಯಿ ಸೂಚಿಸಿದರು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅರ್ಜಿಗಳನ್ನು ಈಗಲೇ ಹಾಕು, ತಡವಾದರೆ ಮುಂದಿನ ರಜೆಗೆ ಹೋಗು, ಅಲ್ಲಿಯವರೆಗೆ ನಿಮ್ಮ ಹಿತ್ತಲಿನ ಮಣ್ಣಿನಲ್ಲೇ ಕೈ ಪಳಗಿಸಿಕೋ ಎಂದು ಹೇಳಿದ್ದೇನೆ. ನಾಳೆ ಬೆಳಿಗ್ಗೆ ವಿಮಾನ ಹತ್ತುವ ಮುನ್ನ ಅವನಿಗೆ ಸಲಿಕೆಯಷ್ಟು ಜಾಗ ತೋರಿಸಿಕೊಡುವುದಾಗಿಯೂ ಮಾತು ಕೊಟ್ಟಿದ್ದೇನೆ.