ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮನೆಯವರ ಸಿದ್ಧತೆ

ಮೈ ತುಂಬಿಕೊಂಡ ಹೆಂಗಸನ್ನು ಕಂಡರೆ ನಮ್ಮ ಕಡೆ, "ಉಂಡುಟ್ಟು ಸುಖವಾಗಿದ್ದಾಳೆ" ಎನ್ನುವ ವಾಡಿಕೆ ಉಂಟು. ನನ್ನ ಅಕ್ಕನನ್ನೂ ಊರವರು ಹಾಗೆಯೇ ಅನ್ನುತ್ತಿದ್ದರು. ಆಕೆಯನ್ನು ಕೊಟ್ಟಿರುವುದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿಗೆ. ಮನೆಯಲ್ಲಿ ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳುಮನೆ. ದುಡಿಮೆಗೆ ಕೊರತೆಯಿಲ್ಲ. ಆದರೂ ನಲವತ್ತಾರನೆಯ ವಯಸ್ಸಿಗೆ ಅಕ್ಕನಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು ಮೂರೂ ಸೇರಿಕೊಂಡಿದ್ದುವು. ರಾತ್ರಿ ಗೊರಕೆಯ ನಡುವೆ ಉಸಿರೇ ಕಟ್ಟಿದಂತಾಗಿ ಎದ್ದು ಕೂರುತ್ತಿದ್ದಳು. ಇದು ಎಂಥ ಸುಖ, ನೀವೇ ಹೇಳಿ.

ಪಥ್ಯ ಮಾಡಿದಳು, ನಡೆದಳು, ಉಪವಾಸವನ್ನೂ ಮಾಡಿದಳು. ಐದು ಕಿಲೋ ಇಳಿಯುವುದು, ಆರು ಕಿಲೋ ಏರುವುದು. ಕೊನೆಗೆ ಡಾಕ್ಟರು ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ನಾನು ವೈದ್ಯಳಲ್ಲ. ಆಪರೇಷನ್ನಿಗೆ ಮುಂಚೆ ಎರಡು ವಾರ, ಆಮೇಲೆ ಆರು ವಾರ ಅಕ್ಕನ ಮನೆಯಲ್ಲಿದ್ದು ನೋಡಿಕೊಂಡವಳು ಅಷ್ಟೆ. ಡಾಕ್ಟರು ತಿಳಿಸಿದ್ದನ್ನೂ ನಾವು ತಪ್ಪಿ ಕಲಿತದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಈ ಚಿಕಿತ್ಸೆ ಯಾರಿಗೆ ಎಂಬ ಪ್ರಶ್ನೆ. ಇದು ಚೆಂದಕ್ಕಾಗಿ ಮಾಡಿಸುವುದಲ್ಲ; ರೋಗಕ್ಕೆ ಮಾಡುವ ಚಿಕಿತ್ಸೆ. ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದರಿಂದ ತೂಕವನ್ನು ಭಾಗಿಸಿ. ಅಕ್ಕನ ಎತ್ತರ 1.55 ಮೀಟರು, ಗುಣಿಸಿದರೆ 2.40. ತೂಕ 104 ಕಿಲೋ. ಭಾಗಿಸಿದರೆ 43. ಇದನ್ನೇ ಬಿ.ಎಂ.ಐ. ಎನ್ನುತ್ತಾರೆ. ಈ ಅಂಕ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ತೊಂದರೆಯುಳ್ಳವರಿಗೆ ಶಸ್ತ್ರಚಿಕಿತ್ಸೆ ತಕ್ಕದ್ದೆಂದು 1991ರಲ್ಲಿ ಅಮೆರಿಕದ ತಜ್ಞರು ಗೆರೆ ಎಳೆದರು. 2022ರಲ್ಲಿ ಆ ಗೆರೆಯನ್ನು ಇನ್ನೂ ಕೆಳಕ್ಕೆ ತಂದರು. ನಮ್ಮಂಥ ಏಷ್ಯದ ಜನರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮಗೆ ಗೆರೆ ಮತ್ತಷ್ಟು ಕೆಳಗಿದೆ. ಆದರೆ ನಮ್ಮ ದೇಶದ ವಿಮೆಯ ನಿಯಮದಲ್ಲಿ 40 ಮತ್ತು 35ರ ಲೆಕ್ಕವೇ ಉಳಿದಿದೆ. ಖರ್ಚು ಲಕ್ಷಗಳ ಮಾತು. ಆದುದರಿಂದ ವಿಮೆಯವರ ಒಪ್ಪಿಗೆಯನ್ನು ಮುಂಚೆಯೇ ಬರವಣಿಗೆಯಲ್ಲಿ ಪಡೆಯುವುದು ಜಾಣತನ. ಈಚೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳೂ ಬಂದಿವೆ. ಯಾರಿಗೆ ಯಾವುದು ಒಗ್ಗುತ್ತದೆಂಬುದನ್ನು ಡಾಕ್ಟರೊಡನೆ ಕುಳಿತು ಮಾತಾಡಿಯೇ ತೀರ್ಮಾನಿಸಬೇಕು.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ 1966ರಲ್ಲೇ ಬೈಪಾಸ್ ವಿಧಾನವನ್ನು ಆರಂಭಿಸಿದರು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವನ್ನಷ್ಟೇ ಉಳಿಸಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಸೇರಿಸುವುದು ಆ ವಿಧಾನ. ಇನ್ನೊಂದು ಸ್ಲೀವ್ ವಿಧಾನ. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಮಿಗಿಲಾಗಿ ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯ ಆಕಾರದ ನಳಿಕೆಯನ್ನು ಉಳಿಸುತ್ತಾರೆ. ಎರಡನ್ನೂ ಈಗ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ದುರ್ಬೀನಿನ ಸಹಾಯದಿಂದ ನಡೆಸುತ್ತಾರೆ. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಸ್ಥೂಲಕಾಯದವರನ್ನು ವರ್ಷಗಟ್ಟಲೆ ಗಮನಿಸಿದರು. ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2007ರಲ್ಲಿ ಪ್ರಕಟಿಸಿದರು. ಅಕ್ಕನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆದದ್ದು ಸ್ಲೀವ್.

ಇನ್ನು ಸಿದ್ಧತೆಯ ಮಾತು. ಆಸ್ಪತ್ರೆಯವರು ರಕ್ತ, ಹೃದಯ, ಥೈರಾಯ್ಡ್, ಈಲಿ, ಜಠರ, ನಿದ್ರೆಯ ಉಸಿರಾಟ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಅವರಿಗೆ ಏನನ್ನೂ ಮುಚ್ಚಿಡಬಾರದು. ತೆಗೆದುಕೊಳ್ಳುತ್ತಿರುವ ಮಾತ್ರೆ, ನಾಟಿ ಔಷಧ, ಎಲೆಯಡಿಕೆಯೊಡನೆ ಹಾಕುವ ಹೊಗೆಸೊಪ್ಪು, ಗಂಡಸರಾದರೆ ಬೀಡಿ, ಹೆಂಡ ಎಲ್ಲವನ್ನೂ ಹೇಳಬೇಕು. ತಂಬಾಕನ್ನು ಆರು ವಾರಕ್ಕಾದರೂ ಮುಂಚೆ ಬಿಡಬೇಕು. ಇಲ್ಲವಾದರೆ ಹೊಲಿಗೆ ಮಾಯುವುದು ತಡ, ಶ್ವಾಸಕೋಶಕ್ಕೂ ಅಪಾಯ.

ಆಪರೇಷನ್ನಿಗೆ ಎರಡು ವಾರ ಮುಂಚಿನಿಂದ ಒಂದು ಕಟ್ಟುನಿಟ್ಟಿನ ಪಥ್ಯವುಂಟು. ಈಲಿ ಜಠರದ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಕೊಬ್ಬು ತುಂಬಿದ ಈಲಿ ಊದಿಕೊಂಡು ಡಾಕ್ಟರ ದಾರಿಗೆ ಅಡ್ಡವಾಗುತ್ತದೆ. ಹಿಟ್ಟಿನ ಪದಾರ್ಥ, ಸಕ್ಕರೆ, ಎಣ್ಣೆ ಕಡಿಮೆ ಮಾಡಿದರೆ ಎರಡೇ ವಾರದಲ್ಲಿ ಅದು ಕುಗ್ಗುತ್ತದೆ. ಅಕ್ಕನಿಗೆ ಮುದ್ದೆ, ಅನ್ನ ಎರಡೂ ಬಂದ್. ಮಜ್ಜಿಗೆ, ಕಾಳಿನ ಸಾರು, ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ ಇಷ್ಟೆ. ಸಕ್ಕರೆ ಕಾಯಿಲೆಯವರು ಈ ಪಥ್ಯ ಹಿಡಿದಾಗ ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪ್ರಮಾಣವನ್ನು ಡಾಕ್ಟರೇ ಬದಲಿಸಿಕೊಡಬೇಕು.

ಅಕ್ಕನ ಅತ್ತೆಯವರು ಒಳ್ಳೆಯ ಹೆಂಗಸು. ಸೊಸೆಯ ತಟ್ಟೆಯಲ್ಲಿ ಮುದ್ದೆಯಿಲ್ಲದ್ದನ್ನು ಕಂಡು ಅವರಿಗೂ ಅನ್ನ ಇಳಿಯಲಿಲ್ಲ. "ಮುದ್ದೆಯಿಲ್ಲದ ಮೇಲೆ ಅದೇನು ಊಟ ಕಣಮ್ಮ, ಮೈಯಲ್ಲಿ ಕಸುವು ಎಲ್ಲಿಂದ ಬರಬೇಕು?" ಎಂದರು. ನಾವು ನಕ್ಕು ಸುಮ್ಮನಾದೆವು. ಅಲ್ಲೇ ನಾವು ತಪ್ಪಿದ್ದು. ಡಾಕ್ಟರ ಬಳಿಗೆ ಭಾವ ಹೋಗಿದ್ದರು, ನಾನು ಹೋಗಿದ್ದೆ. ಮನೆಯ ಒಲೆ ಯಾರ ಕೈಯಲ್ಲಿದೆಯೋ ಅವರನ್ನು ಕರೆದೊಯ್ದಿರಲಿಲ್ಲ.

ಉಳಿದ ಸಿದ್ಧತೆಯನ್ನೇನೋ ಚೆನ್ನಾಗಿಯೇ ಮಾಡಿದೆವು. ಮೊದಲನೆಯದು, ಕಾಲ ನೋಡುವುದು. ಹುಳು ಮೇಯಿಸುವ ಮನೆಯಲ್ಲಿ ನಾಲ್ಕನೆಯ ಜ್ವರ ಎದ್ದಮೇಲೆ ಸೊಪ್ಪು ಹೊತ್ತು ತಂದು ಹಾಕುವುದೇ ಹಗಲಿರುಳಿನ ಕೆಲಸ. ಆ ವಾರದಲ್ಲಿ ರೋಗಿಯ ಕಡೆ ನೋಡುವವರು ಯಾರು? ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಕಳಿಸಿದ ಮೇಲೆ, ಮುಂದಿನ ಬೆಳೆ ಬಿಟ್ಟು, ದಿನ ಗೊತ್ತುಮಾಡಿದೆವು. ಎರಡನೆಯದು, ಕೆಲಸದ ಹಂಚಿಕೆ. ನಾಲ್ಕರಿಂದ ಆರು ವಾರ ಅಕ್ಕ ಐದು ಕಿಲೋಗಿಂತ ಭಾರ ಎತ್ತುವಂತಿಲ್ಲ. ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಯಾವುದೂ ಕೂಡದು. ಹಾಲು ಕರೆದು ಡೈರಿಗೆ ಹಾಕುವುದು ಭಾವನಿಗೆ, ನೀರು ಮಗನಿಗೆ, ಬಟ್ಟೆ ಮಗಳಿಗೆ ಎಂದು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಬರೆದಿಟ್ಟರೆ ಆಮೇಲೆ ಜಗಳವಿಲ್ಲ. ಮೂರನೆಯದು, ಮನೆಯ ಅನುಕೂಲ. ಚಾಪೆಯ ಮೇಲಿನಿಂದ ಏಳುವುದು ಕಷ್ಟವಾದ್ದರಿಂದ ಮಂಚ ಹಾಕಿದೆವು. ಶೌಚಕ್ಕೆ ಕುಳಿತೇಳಲು ನಡುವೆ ತೂತಿರುವ ಕುರ್ಚಿಯನ್ನು ತಂದೆವು.

ಆಸ್ಪತ್ರೆಯಲ್ಲಿ ಇದ್ದದ್ದು ಮೂರು ದಿನ. ಆಪರೇಷನ್ ಆದ ಸಂಜೆಯೇ ದಾದಿಯರು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ನಡಿಗೆಯೇ ಕಾವಲು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೇ ಸುಮಾರು 60 ಕಿಲೋಮೀಟರು; ಅಲ್ಲಿಂದ ಮುಂದೆ ಮಂಡಿಕಲ್ಲು. ನಡುವೆ ಕಾರು ನಿಲ್ಲಿಸಿ ಅಕ್ಕನನ್ನು ಸ್ವಲ್ಪ ಅಡ್ಡಾಡಿಸಿಯೇ ಕರೆತಂದೆವು.

ಮನೆಯ ಆಹಾರಕ್ರಮ ಮಗುವಿನ ಆಹಾರಕ್ರಮದಂತೆಯೇ. ಮೊದಲ ಎರಡು ವಾರ ಬರಿಯ ದ್ರವ: ನೀರು, ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಕೆನೆ ತೆಗೆದ ಹಾಲು, ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪುಡಿ. ಮೂರು ನಾಲ್ಕನೆಯ ವಾರ ನುಣ್ಣಗೆ ರುಬ್ಬಿದ್ದು. ಐದು ಆರನೆಯ ವಾರ ಮೆತ್ತಗೆ ಬೇಯಿಸಿ ಹಿಸುಕಿದ್ದು. ಆಮೇಲೆ ಮೆಲ್ಲಮೆಲ್ಲನೆ ಎಲ್ಲರ ಊಟ. ಲೋಟವನ್ನು ದೂರವಿಟ್ಟು, ಮಗುವಿಗೆ ಹಾಲು ಕುಡಿಸುವ ಒಳಲೆಯನ್ನು ತೆಗೆದೆವು. ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರು ದ್ರವ ಒಳಗೆ ಹೋಗಲೇಬೇಕು. ಬಾಟಲಿಗೆ ಗೆರೆ ಹಾಕಿಟ್ಟರೆ ಲೆಕ್ಕ ತಪ್ಪದು. ಗಟ್ಟಿ ಆಹಾರ ಆರಂಭವಾದ ಮೇಲೆ ಊಟದೊಡನೆ ನೀರು ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಕಳೆಯಲಿ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ನಮ್ಮ ಅಡಿಗೆಮನೆಯ ಲೆಕ್ಕ ಹೇಳುತ್ತೇನೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಮಾತ್ರ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ಅದು ನಿಜ. ಆದರೆ ಜಠರದಲ್ಲಿ ಜಾಗವೇ ಇಲ್ಲದಾಗ ಇರುವ ಜಾಗವನ್ನು ಮೊದಲು ಕಾಳು, ಮೊಟ್ಟೆ, ಹಾಲಿಗೆ ಕೊಡಬೇಕು. ಅಲ್ಲದೆ ನಮ್ಮವರು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಈ ಆಪರೇಷನ್ ಆದವರಿಗೋ, ಪ್ರತಿ ತುತ್ತನ್ನೂ ಇಪ್ಪತ್ತು ಸಲವಾದರೂ ಅಗಿಯಬೇಕೆಂಬುದು ಮೊದಲ ಪಾಠ.

ಮೂರನೆಯ ವಾರದಲ್ಲಿ ಒಂದು ದಿನ ನಾನು ಪೇಟೆಗೆ ಹೋಗಿದ್ದೆ. ಅಕ್ಕ ಸೊರಗಿದ್ದನ್ನು ಕಂಡು ಅತ್ತೆಯವರ ಕರುಳು ತಡೆಯಲಿಲ್ಲ. ನೆಲ್ಲಿಕಾಯಿ ಗಾತ್ರದ ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಕೊಟ್ಟರು. ಅಕ್ಕ ನಲವತ್ತು ವರ್ಷದ ಅಭ್ಯಾಸದಂತೆ ನುಂಗಿಬಿಟ್ಟಳು. ಎದೆಯಲ್ಲಿ ಗೂಟ ಹೊಡೆದಂತಾಗಿ ವಾಂತಿ ಶುರುವಾಯಿತು. ಮಾರನೆಯ ದಿನ ನೀರೂ ನಿಲ್ಲಲಿಲ್ಲ. ಅತ್ತೆಯ ಹೆಸರು ಬರಬಾರದೆಂದು ಅಕ್ಕ ಬಾಯಿ ಬಿಡಲಿಲ್ಲ. ಯಾರೋ ದೃಷ್ಟಿಯಾಗಿದೆ ಎಂದರು, ನೀವಳಿಸಿದ್ದೂ ಆಯಿತು. ನಾಲ್ಕನೆಯ ದಿನ ಎದ್ದು ನಿಂತರೆ ಕಣ್ಣು ಕತ್ತಲೆ. ಆಗ ಆಸ್ಪತ್ರೆಗೆ ಫೋನು ಮಾಡಿದೆವು. "ಈಗಲೇ ಹೊರಡಿ" ಎಂದರು. ಡ್ರಿಪ್ ಹಾಕಿ ಅದರೊಡನೆ ಬಿ-1 ವಿಟಮಿನ್ ಕೊಟ್ಟರು. ಹಲವು ದಿನ ವಾಂತಿಯಾದರೆ ದೇಹದ ಬಿ-1 ಬರಿದಾಗಿ ನರಗಳಿಗೂ ಮಿದುಳಿಗೂ ಶಾಶ್ವತ ಹಾನಿಯಾಗಬಹುದಂತೆ. ಇನ್ನು ಕೆಲವು ದಿನ ತಡೆದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಸಲ ಅತ್ತೆಯವರೂ ಕಾರಿನಲ್ಲಿ ಬಂದಿದ್ದರು. ಡಾಕ್ಟರು ಅವರನ್ನು ಕೂರಿಸಿಕೊಂಡು, ಉಳಿದಿರುವ ಜಠರ ಎಷ್ಟು ಸಣ್ಣದು, ಹೊಲಿಗೆ ಎಲ್ಲಿದೆ ಎಂಬುದನ್ನು ಚಿತ್ರ ಬರೆದು ತೋರಿಸಿದರು. ಅವರು ಕಣ್ಣೊರೆಸಿಕೊಂಡು, "ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪಥ್ಯ ಅವರ ಕೈಗೆ ಹೋಯಿತು. ಹುರುಳಿ ಬೇಯಿಸಿ ರುಬ್ಬಿ ಬಟ್ಟೆಯಲ್ಲಿ ಸೋಸುವುದು, ಹೊತ್ತು ನೋಡಿ ಒಳಲೆ ಹಿಡಿಯುವುದು, ನೋಡಲು ಬಂದವರು ತಂದ ಒಬ್ಬಟ್ಟನ್ನು ಬಾಗಿಲಲ್ಲೇ ಇಸಿದುಕೊಂಡು ಮಕ್ಕಳಿಗೆ ಹಂಚುವುದು, ಎಲ್ಲವೂ ಅವರದೇ.

ಇಂಥ ರೋಗಿ ಮನೆಯಲ್ಲಿದ್ದಾಗ ಕಾಯಬಾರದ ಲಕ್ಷಣಗಳನ್ನು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 120 ಬಡಿಯುವುದು, 100 ಡಿಗ್ರಿ ಮೀರಿದ ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಎಡಹೆಗಲಿನ ನೋವು, ಏದುಸಿರು, ಒಂದು ಮೀನಖಂಡದಲ್ಲಿ ಮಾತ್ರ ಊತ, ನೋವು, ಕಪ್ಪು ಮಲ, ನೀರೂ ನಿಲ್ಲದ ವಾಂತಿ. ಇವುಗಳಲ್ಲಿ ಒಂದನ್ನು ಕಂಡರೂ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ತಿಳಿಸಬೇಕು. ಫೋನಿನ ಸಂಖ್ಯೆ ಗೋಡೆಯ ಮೇಲಿರಲಿ. ರಾತ್ರಿ ಬರುವ ಗಾಡಿ ಯಾರದೆಂದು ಮೊದಲೇ ಗೊತ್ತುಮಾಡಿರಿ.

ಆರು ವಾರಕ್ಕೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಕಬ್ಬಿಣ, ಸುಣ್ಣದ ಅಂಶ, ಡಿ ಮತ್ತು ಬಿ-12 ಮೊದಲಾದ ವಿಟಮಿನ್ನುಗಳನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ಬಿಡಬಾರದು. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಜಠರದಲ್ಲಿ ಹುಣ್ಣಾದೀತು. ಬೈಪಾಸ್ ಆದವರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಬಸಿರಾಗುವುದನ್ನು ಮುಂದೂಡಬೇಕು. ಮೂರು ತಿಂಗಳು ಕಳೆದ ಮೇಲೆ ತಲೆಗೂದಲು ಉದುರುವುದುಂಟು. ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಮನಸ್ಸು ಕುಗ್ಗುವುದೂ ಉಂಟು. ನೋಡಿದವರೆಲ್ಲ, "ಏನಮ್ಮ, ಹೀಗೆ ಬಡವಾದೆ!" ಎನ್ನುತ್ತಿದ್ದರೆ ಯಾರ ಮನಸ್ಸು ತಾನೆ ಕುಗ್ಗದು? ಆಗ ಉತ್ತರ ಹೇಳಬೇಕಾದವರು ಮನೆಯವರು.

ಒಂದು ವರ್ಷಕ್ಕೆ ಅಕ್ಕನ ತೂಕ 104ರಿಂದ 75 ಕಿಲೋಗೆ ಇಳಿಯಿತು. ಸಕ್ಕರೆಯ ಮಾತ್ರೆ ಮೂರರಿಂದ ಒಂದಕ್ಕೆ ಬಂದಿದೆ, ಪೂರ್ತಿ ನಿಂತಿಲ್ಲ. ರಾತ್ರಿ ಉಸಿರು ಕಟ್ಟುವುದಿಲ್ಲ. ಈಗ ಮುದ್ದೆಯನ್ನೂ ತಿನ್ನುತ್ತಾಳೆ. ನಿಂಬೆಹಣ್ಣಿನಷ್ಟು, ಕಾಳು ಪಲ್ಯ ಮುಗಿದ ಮೇಲೆ, ಅಗಿದು. ಮುದ್ದೆ ಅಗಿಯುವವಳನ್ನು ಕಂಡು ಮಕ್ಕಳು ನಗುತ್ತವೆ; ಆಕೆಯೂ ನಗುತ್ತಾಳೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆಯ ಮಾತು ಬಂದಿದ್ದರೆ ನನ್ನ ಸಲಹೆ ಒಂದೇ. ಡಾಕ್ಟರನ್ನು ಕಾಣಲು ಹೋಗುವಾಗ ದುಡ್ಡು ಕೊಡುವವರೊಡನೆ ಅಡಿಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ಶಸ್ತ್ರಚಿಕಿತ್ಸೆಯನ್ನು ಡಾಕ್ಟರು ಒಂದೆರಡು ಗಂಟೆಯಲ್ಲಿ ಮುಗಿಸುತ್ತಾರೆ. ಅದನ್ನು ಕಾಪಾಡಿಕೊಳ್ಳುವ ಕೆಲಸ ಮನೆಯ ಒಲೆಯ ಮುಂದೆ ವರ್ಷಗಟ್ಟಲೆ ನಡೆಯಬೇಕು.